ಮೇಲಿನ ಬೋಲ್ಟನ್ನು ಯಾರೂ ಕೇಳಲಿಲ್ಲ

ಜೀಪಿನ ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಕಬ್ಬಿಣದ ಗುಂಡಿದೆ. ಅದರೊಳಗಿನ ಗೇರುಗಳು ಎಣ್ಣೆಯಿಲ್ಲದೆ ತಿರುಗಿದರೆ ಸುಟ್ಟುಹೋಗುತ್ತವೆ. ಗುಂಡಿಗೆ ಎರಡು ಬೋಲ್ಟು: ಎಣ್ಣೆ ತುಂಬಲು ಮೇಲೊಂದು, ಇಳಿಸಲು ಕೆಳಗೊಂದು.

ಮಗಳನ್ನು ಮದುವೆ ಛತ್ರಕ್ಕೆ ಕರೆದೊಯ್ಯಲು ಇನ್ನೊಂದು ಗಂಟೆಯಿತ್ತು. ಶಾಂತಮಲ್ಲಪ್ಪ ಹೊಸ ಎಣ್ಣೆಯ ಡಬ್ಬ ಹಿಡಿದು ಜೀಪಿನಡಿ ನುಗ್ಗಿದ.

ಸ್ಪ್ಯಾನರ್ ತಾಗಿದ್ದೇ ಕೆಳಗಿನ ಬೋಲ್ಟು ಬಿಚ್ಚಿಕೊಂಡಿತು. ಹಳೆಯ ಎಣ್ಣೆಯೆಲ್ಲ ಬೋಗುಣಿಗೆ ಇಳಿಯಿತು.

"ನೋಡಣ್ಣಾ, ಹೇಗೆ ಬಂದೆ!" ಎಂದು ಕೆಳಗಿನ ಬೋಲ್ಟು ಮೇಲಿನದರೆದುರು ಬೀಗಿತು.

ಮೇಲಿನ ಬೋಲ್ಟು ಅಲುಗಲಿಲ್ಲ. ಶಾಂತಮಲ್ಲಪ್ಪ ಜೋರಾಗಿ ಎಳೆದ. ಬೋಲ್ಟಿನ ತಲೆ ಸವೆದು ಸ್ಪ್ಯಾನರ್ ಜಾರಿತು.

"ಬಿಡಣ್ಣಾ! ಒಳಗೆ ತೊಟ್ಟು ಎಣ್ಣೆಯಿಲ್ಲ!" ಎಂದು ಕೆಳಗಿನದು ಕಿರುಚಿತು.

"ಹತ್ತು ವರ್ಷದ ತುಕ್ಕು ಕಣೋ, ಎಲ್ಲಿಂದ ಬಿಡಲಿ? ಬಾಯಿ ತೆರೆಯುವ ಮೊದಲು ನನ್ನನ್ನೊಮ್ಮೆ ಕೇಳಬೇಕಿತ್ತು."

"ನನ್ನನ್ನು ಬಿಚ್ಚಿದವನು ಅವನು!"

"ಅವನೂ ಕೇಳಲಿಲ್ಲ."

ಶಾಂತಮಲ್ಲಪ್ಪ ಡಬ್ಬವನ್ನು ನೋಡಿದ, ಬೋಗುಣಿಯನ್ನು ನೋಡಿದ. ಹೊಸದು ಒಳಗೆ ಹೋಗುವಂತಿಲ್ಲ, ಹಳೆಯದೂ ಹೋಗುವಂತಿಲ್ಲ.

ಅಷ್ಟರಲ್ಲಿ ಜೀಪು ಮೆಲ್ಲಗೆ ಕುಸಿಯಿತು. ಯಾರೋ ಮೇಲೆ ಹತ್ತಿ ಕೂತಿದ್ದರು. ಬಳೆಗಳ ಸದ್ದಾಯಿತು.

"ಅಪ್ಪಾ, ನಾನು ರೆಡಿ. ಹೊರಡೋಣ್ವಾ?"