ಪಾಟಿಯ ಮೇಲಿನ ‘ಬೇಡ’

ಹೊಳೆ ದಂಡೆಯ ಆ ಆಶ್ರಮದಲ್ಲಿ ಮೌನ ಹಿಡಿದವರ ಕೊರಳಿಗೆ ಒಂದು ಪಾಟಿ ಬೀಳುತ್ತಿತ್ತು. ಶಾಲೆ ಮಕ್ಕಳು ಬರೆಯುವ ಅದೇ ಕರಿ ಪಾಟಿ, ದಾರ ಕಟ್ಟಿದ್ದು. ಬೇಕಾದ್ದನ್ನು ಬಳಪದಲ್ಲಿ ಬರೆದು ತೋರಿಸಬೇಕು. ಪಾಟಿ ಹಾಕಿಕೊಂಡವನನ್ನು ಯಾರೂ ಮಾತಾಡಿಸಬಾರದು.

ಕಲ್ಮೇಶ ಪಾಟಿ ಹಾಕಿಕೊಂಡು ಹನ್ನೊಂದು ದಿನವಾಗಿತ್ತು.

ಅವನು ಆಶ್ರಮದ ಹರಗೋಲು ನಡೆಸುವವನು. ಆಚೆ ದಂಡೆಯಿಂದ ಭಕ್ತರನ್ನು ಕರೆತರುವುದು, ಸಂಜೆ ತಿರುಗಿ ಮುಟ್ಟಿಸುವುದು. ಹಾಡುತ್ತ ಹುಟ್ಟು ಹಾಕುತ್ತಿದ್ದವನು ಈಗ ಆ ಕೆಲಸ ಮತ್ತೊಬ್ಬನಿಗೆ ಬಿಟ್ಟು, ತನ್ನ ಗುಡಿಸಲ ಕಟ್ಟೆಗೆ ಕೂತು ನೀರು ನೋಡುತ್ತಿದ್ದ.

ಅಂಬಲಿ ತಂದರೆ ಪಾಟಿ ತೋರಿಸುತ್ತಿದ್ದ. ಅದರ ಮೇಲೆ ಒಂದೇ ಮಾತು: ಬೇಡ.

ಹೊಸ ಪಂಚೆ ತಂದರೂ ಬೇಡ. ಊರಿಂದ ಅಕ್ಕ ನೋಡಲು ಬಂದಿದ್ದಾಳೆ ಅಂದರೂ ಅದೇ.

ಭಕ್ತರಿಗೆ ಇದು ಬಹಳ ಹಿಡಿಸಿತು. ಹುಡುಗ ಎಲ್ಲ ಬಿಟ್ಟುಬಿಟ್ಟ, ಇನ್ನೇನು ಆಶ್ರಮದ ಅಜ್ಜನನ್ನೂ ಮೀರಿಸುತ್ತಾನೆ ಎಂದು ಮಾತಾಡಿಕೊಂಡರು. ಹಿರಿಯ ಭಕ್ತ ಗುರುಸಿದ್ದಪ್ಪ ಅವನ ಮುಂದೆ ತೆಂಗಿನಕಾಯಿ ಇಟ್ಟು ಕಾಲು ಮುಟ್ಟಿದರು. ಅವರನ್ನು ನೋಡಿ ಉಳಿದವರೂ ಮುಟ್ಟಿದರು. ಕಟ್ಟೆಯ ಮೇಲೆ ಕಾಯಿ ರಾಶಿ ಬಿತ್ತು.

ಹನ್ನೆರಡನೆಯ ದಿನ ಬೆಳಿಗ್ಗೆ ಆಶ್ರಮದ ಗುರು ನಾಗಯ್ಯಜ್ಜ ಬಂದು ಅವನ ಪಕ್ಕ ಕೂತರು. ಮೊಣಕಾಲು ನೋವಿನವರು, ಕೂರುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಪಾಟಿಯನ್ನು ಕೈಗೆ ತೆಗೆದುಕೊಂಡು ನೋಡಿದರು.

“ಈ ಅಕ್ಷರ ಯಾವಾಗ ಬರದೀಪಾ?”

ಕಲ್ಮೇಶ ಹನ್ನೊಂದು ಬೆರಳು ತೋರಿಸಲು ಹೋಗಿ ಹತ್ತಕ್ಕೆ ನಿಂತ.

“ಒಮ್ಮೆನೂ ಅಳಿಸಿಲ್ಲ. ಮೌನದವರು ದಿನಾ ಹತ್ತು ಸಲ ಅಳಿಸಿ ಬರೀತಾರ. ಉಪ್ಪು ಕಮ್ಮಿ, ಬಿಸಿನೀರು ಬೇಕು, ಬಾಜೂದಾಂವ ಗೊರಕಿ ಹೊಡೀತಾನ. ನಾನು ಮೌನ ಹಿಡದಾಗ ಬಳಪ ತೀರಿಹೋಗಿದ್ವು.”

ಕಲ್ಮೇಶ ನಗಲಿಲ್ಲ.

“ಏನು ಬ್ಯಾಡಾಗೇತಿ ನಿನಗ?”

ಕಲ್ಮೇಶ ಅಜ್ಜನ ಕಡೆ ತಿರುಗಿದ. ಆಮೇಲೆ ಬಂದ ದನಿ ಅವನದಲ್ಲವೇನೋ ಅನ್ನುವ ಹಾಗಿತ್ತು.

“ಎಲ್ಲಾನೂ, ಅಜ್ಜಾರ.”

ಒಂದು ಮಾತು ಹೊರಟ ಮೇಲೆ ಉಳಿದದ್ದೂ ಹೊರಟಿತು. ನಿದ್ದೆ ಇಲ್ಲ. ಸುಮ್ಮನೆ ಕೂತರೂ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಎದೆ ಬಡಿಯುತ್ತದೆ. ಬೆಳಗಾದರೆ ಏಳಲು ಮನಸ್ಸಾಗುವುದಿಲ್ಲ. ಯಾರಾದರೂ ಸತ್ತಿದ್ದರೆ, ಏನಾದರೂ ಕಳೆದಿದ್ದರೆ ಹೇಳಿಕೊಳ್ಳಬಹುದಿತ್ತು. ಏನೂ ಆಗಿಲ್ಲ, ಅದೇ ನಾಚಿಕೆ. ಯಾರೂ ಕೇಳದಿರಲಿ ಎಂದೇ ಪಾಟಿ ಹಾಕಿಕೊಂಡದ್ದು, ಮೌನ ಗೀನ ಏನೂ ಅಲ್ಲ. ಮಂದಿ ಕಾಲು ಮುಟ್ಟಿದಾಗ ಕಳ್ಳತನ ಮಾಡಿದ ಹಾಗಾಗುತ್ತದೆ.

“ಹೊಳಿ ನೋಡಿದ್ರ ಇದರಾಗ ಹೋಗಿಬಿಡಬೇಕು ಅನಸ್ತೈತ್ರಿ,” ಅಂದ.

ಅಜ್ಜ ಗದರಲಿಲ್ಲ. ಉಪದೇಶವನ್ನೂ ಮಾಡಲಿಲ್ಲ. ಅವನ ಕೈ ಹಿಡಿದುಕೊಂಡು ತಾವೂ ನೀರು ನೋಡಿದರು.

“ನನಗೊಂದು ಮಂತ್ರ ಕೊಡ್ರಿ, ಅಜ್ಜಾರ.”

“ಹಿಂದ ಒಬ್ಬಾಂವ ಹಿಂಗ ಕೇಳಿದ್ದ. ಕೊಟ್ಟಿದ್ದೆ.” ಅಜ್ಜನ ಕಣ್ಣು ಹೊಳೆಯ ಮೇಲೇ ಇತ್ತು. “ನಿನ್ನ ಕೊರಳಾಗ ಇರೂದು ಅವನ ಪಾಟಿ.”

ಕಲ್ಮೇಶ ಪಾಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನು ಈಗೆಲ್ಲಿದ್ದಾನೆ ಎಂದು ಕೇಳಲಿಲ್ಲ.

ತಾಲ್ಲೂಕು ಆಸ್ಪತ್ರೆಗೆ ಗುರುವಾರಕ್ಕೊಮ್ಮೆ ಫರ್ಜಾನಾ ಎಂಬ ಹೆಣ್ಣುಮಗಳು ಬರುತ್ತಾಳೆ ಎಂದು ಅಜ್ಜ ಹೇಳಿದರು. ಮನಸ್ಸು ಹೀಗಾದವರನ್ನು ಕೂಡಿಸಿಕೊಂಡು ಮಾತಾಡುವುದೇ ಆಕೆಯ ಕೆಲಸ, ಅದಕ್ಕೆಂದೇ ಓದಿದವಳು. ಗುಳಿಗೆ ಬೇಕಾದರೆ ಡಾಕ್ಟರ ಹತ್ತಿರ ಕಳಿಸುತ್ತಾಳೆ. ಇದನ್ನೆಲ್ಲ ಅಜ್ಜ ಆ ಮೊದಲಿನವನು ಹೋದ ಮೇಲೆ ವಿಚಾರಿಸಿ ಇಟ್ಟುಕೊಂಡಿದ್ದರು.

“ಗುರುವಾರ ಆರು ಊರ ಮಂದಿ ನಿಮ್ಮ ದರ್ಶನಕ್ಕ ಬರ್ತಾರ್ರಿ,” ಎಂದ ಕಲ್ಮೇಶ. “ಮತ್ತ ನಾನು ಅಲ್ಲಿ ಹೋಗಿ ಕುಂತ್ರ, ತನ್ನ ಶಿಷ್ಯಗ ಸಮಾಧಾನ ಕೊಡಾಕ ಅಜ್ಜಗ ಆಗಲಿಲ್ಲ ಅಂತಾರ.”

“ಖರೇನ ಅಂತಾರ. ನನಗ ಆಗೂದಿಲ್ಲ.”

ಅವತ್ತು ಮಂಗಳವಾರ. ಸಂಜೆಗೆ ಅಜ್ಜ ತಮ್ಮ ಚಾಪೆ ತಂದು ಕಲ್ಮೇಶನ ಗುಡಿಸಲ ಹೊಸ್ತಿಲಿಗೆ ಅಡ್ಡವಾಗಿ ಹಾಸಿಕೊಂಡರು. ಇಲ್ಲಿ ಗಾಳಿ ಚಲೋ ಬರುತ್ತದೆ ಅಂದರು. ಹಲ್ಲು ಕಟಕಟಿಸುವ ಚಳಿಗಾಲ ಅದು. ಕಟ್ಟೆಯ ಮೇಲಿದ್ದ ಕಾಯಿಗಳನ್ನೆಲ್ಲ ಅಡಿಗೆಮನೆಗೆ ಹೊರಿಸಿ, ಚಟ್ನಿ ಅರೆಯಿರಿ ಎಂದರು.

ಗುರುವಾರ ನಸುಕಿಗೇ ಇಬ್ಬರೂ ಹೊಳೆ ದಾಟಿದರು. ಆಚೆ ದಂಡೆಯಲ್ಲಿ ಗುರುಸಿದ್ದಪ್ಪ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. ದರ್ಶನದ ದಿನ ಅಜ್ಜನ ಸವಾರಿ ಎಲ್ಲಿಗೆ ಎಂದು ಕೇಳಿದರು. ಆಸ್ಪತ್ರೆಗೆ ಎಂದರು ಅಜ್ಜ.

“ಯಾರಿಗೆ ಆರಾಮಿಲ್ರಿ?”

ಕಲ್ಮೇಶ ತಲೆ ತಗ್ಗಿಸಿದ.

“ಇಬ್ಬರಿಗೂ,” ಎಂದರು ಅಜ್ಜ, ಮತ್ತು ಬಸ್ಸಿನ ಕಡೆ ನಡೆದರು.

ಆಸ್ಪತ್ರೆಯ ಜವಾನ ಅಜ್ಜನ ಗುರುತು ಹಿಡಿದು ಅಡ್ಡಬಿದ್ದ. ಚೀಟಿ ಗೀಟಿ ಬೇಡ, ನೇರ ಒಳಗೆ ಕಳಿಸುತ್ತೇನೆ ಅಂದ. ಅಜ್ಜ ಬೆಂಚಿನ ಕಡೆ ನೋಡಿದರು. ಅಲ್ಲಿ ಒಬ್ಬ ಲಾರಿ ಡ್ರೈವರ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಅವರು ನಮಗಿಂತ ಮೊದಲು ಬಂದಿದ್ದಾರಲ್ಲ ಎಂದು ಅಜ್ಜ ಅವನ ಪಕ್ಕವೇ ಕೂತರು.

ಕಲ್ಮೇಶ ಎರಡು ಸಲ ಎದ್ದ, ಬಸ್ಸು ಹೋಗಿಬಿಡುತ್ತದೆ ಎಂದು. ಇನ್ನೊಂದು ಬರುತ್ತದೆ ಎಂದು ಅಜ್ಜ ಎರಡು ಸಲವೂ ಕೂಡಿಸಿದರು.

ಚೀಟಿ ಬರೆಯುವ ನರ್ಸಮ್ಮ ಕರೆದು ಏನು ತೊಂದರೆ ಎಂದಳು. ಕಲ್ಮೇಶ ರೂಢಿಯಂತೆ ಪಾಟಿ ಎತ್ತಿ ತೋರಿಸಿದ.

“ಬ್ಯಾಡಾದ್ರ ಯಾಕ ಬಂದೀಯೋ ಯಪ್ಪಾ?”

ಬೆಂಚಿನ ಮೇಲಿದ್ದವರು ನಕ್ಕರು. ಟವೆಲಿನೊಳಗಿಂದ ಡ್ರೈವರನೂ ನಕ್ಕ.

ಅಜ್ಜ ಸೊಂಟದ ಗಂಟಿನಿಂದ ಒಂದು ತುಂಡು ಬಳಪ ತೆಗೆದು ಮುಂದೆ ಹಿಡಿದರು.

ಕಲ್ಮೇಶ ಬಳಪ ತೆಗೆದುಕೊಂಡ. ಆಮೇಲೆ ಬೆರಳಿಗೆ ಎಂಜಲು ಹಚ್ಚಿಕೊಂಡು, ಚಿಕ್ಕ ಮಕ್ಕಳ ಹಾಗೆ ಪಾಟಿ ಅಳಿಸಿದ. ಹದಿನಾಲ್ಕು ದಿನದ ಅಕ್ಷರ, ಬೇಗ ಹೋಗಲಿಲ್ಲ. ತೋಳಿನಿಂದ ತಿಕ್ಕಿದ. ಬರೆದ: ನಿದ್ದಿ ಇಲ್ಲ. ಅಂಜಿಕಿ. ಬದಕಾಕ ಮನಸಿಲ್ಲ.

ನರ್ಸಮ್ಮ ಓದಿದಳು. ಎದ್ದು ನಿಂತು, ಬಾ ತಮ್ಮಾ ಎಂದು ತಾನೇ ಒಳಗೆ ಕರೆದುಕೊಂಡು ಹೋದಳು. ಮೊದಲು ಬಂದ ಡ್ರೈವರ ಕಾಲು ಸರಿಸಿ ದಾರಿ ಕೊಟ್ಟ.

ಒಂದು ತಾಸಿನ ಮೇಲೆ ಹೊರಬಂದ ಕಲ್ಮೇಶನ ಕಣ್ಣು ಬಾತಿದ್ದವು. ಮುಂದಿನ ಗುರುವಾರ ಮತ್ತೆ ಬರಬೇಕಂತೆ ಎಂದ, ಅಷ್ಟೇ.

ಮತ್ತೆ ಹೋದರು. ಅದರ ಮುಂದಿನ ವಾರವೂ ಹೋದರು. ಏನೂ ಒಮ್ಮೆಲೇ ಆಗಲಿಲ್ಲ. ಕೆಲವು ಬೆಳಗು ಕಲ್ಮೇಶ ಏಳುತ್ತಲೇ ಇರಲಿಲ್ಲ. ಒಂದು ವಾರ ಬರುವುದಿಲ್ಲ ಎಂದು ಹಟ ಹಿಡಿದ. ಅಜ್ಜ ಹರಗೋಲಿನಲ್ಲಿ ಕೂತೇ ಇದ್ದರು, ಅವನು ಬರುವ ತನಕ. ಗುರುವಾರದ ದರ್ಶನ ನಿಂತಿತು, ಕೆಲವು ಭಕ್ತರು ಆಶ್ರಮವನ್ನೇ ಬಿಟ್ಟರು. ಜವಾನನ ಹಾಗೆ ಆಸ್ಪತ್ರೆ ಬೆಂಚಿನ ಮೇಲೆ ಕೂರುವ ಗುರು ನಮಗೇಕೆ ಎಂದರು. ಗುರುಸಿದ್ದಪ್ಪನೂ ಗೊಣಗಿದರು. ಮತ್ತೆ ಒಂದು ದಿನ ಒಬ್ಬರೇ ಬಂದು, ಚೀಟಿ ಎಷ್ಟು ಗಂಟೆಗೆ ಕೊಡುತ್ತಾರೆ ಎಂದು ಮೆಲ್ಲಗೆ ಕೇಳಿಕೊಂಡು ಹೋದರು. ಯಾರಿಗೆ ಎಂದು ಅಜ್ಜ ಕೇಳಲಿಲ್ಲ.

ಆರನೆಯ ಗುರುವಾರ ತಿರುಗಿ ಬರುವಾಗ ಹುಟ್ಟು ಕಲ್ಮೇಶನ ಕೈಯಲ್ಲಿತ್ತು. ನಡು ಹೊಳೆಯಲ್ಲಿ ನಿಧಾನ ಮಾಡಿದ.

“ಅಜ್ಜಾರ, ನಿಮಗೂ ಹೇಳಲಾರದ್ದನ್ನ ಇವತ್ತ ಆ ಫರ್ಜಾನಾ ಅಕ್ಕಾರಿಗೆ ಹೇಳಿದೆ. ಸಿಟ್ಟು ಬಂತೇನ್ರಿ?”

ಅಜ್ಜ ಇಲ್ಲವೆಂದು ತಲೆಯಾಡಿಸಿದರು. ಅದೇನು ಎಂದು ಕೇಳಲಿಲ್ಲ.

“ಹೊಳಿ ವಿಚಾರ ಮತ್ತ ತಲ್ಯಾಗ ಬಂದ್ರ, ಯಾವ ಹೊತ್ತಾದರೂ ಯಾರನ್ನರೆ ಎಬ್ಬಿಸ್ತೀನಿ ಅಂತ ಮಾತು ಕೊಡು ಅಂದ್ರು. ಕೊಟ್ಟೆ. ಯಾರನ್ನ ಅಂತ ಕೇಳಿದ್ರು. ನಿಮ್ಮ ಹೆಸರು ಹೇಳೀನಿ.”

ಹರಗೋಲು ದಂಡೆ ಮುಟ್ಟಿದಾಗ ಅಜ್ಜನನ್ನು ಕಲ್ಮೇಶ ಕೈ ಹಿಡಿದು ಇಳಿಸಿದ. ಇಷ್ಟು ದಿನ ಹೊಸ್ತಿಲಲ್ಲಿ ಮಲಗಿದ ಚಳಿಗೆ ಮೊಣಕಾಲು ಇನ್ನೂ ಬಿಗಿದಿತ್ತು; ಮೆಟ್ಟಿಲು ಹತ್ತುತ್ತ ಅಜ್ಜ ಅವನ ಹೆಗಲಿಗೆ ಭಾರ ಬಿಟ್ಟರು.

“ಕಲ್ಮೇಶಾ, ಇವತ್ತ ನನ್ನ ಚಾಪಿ ನನ್ನ ಕ್ವಾಣ್ಯಾಗ ಹಾಸು,” ಎಂದರು. “ಬಾಗಿಲಾ ಹಾಕೂದು ಬ್ಯಾಡ.”