ಹುಸೇನವ್ವ ಇಟ್ಟ ಹನ್ನೊಂದು ಬಳೆ

ಮತ್ತೆ ನಡುವೆ ಬಾಯಿ ಹಾಕಿದೆಯಾ? ಬಾಚಣಿಗೆ ಹಿಡಿದು ಒಂದು ಸಿಕ್ಕು ಬಿಡಿಸಿಲ್ಲ, ಕಥೆ ಇನ್ನೂ ಊರೊಳಗೆ ಕಾಲಿಟ್ಟಿಲ್ಲ, ಆಗಲೇ ಮೂರು ಪ್ರಶ್ನೆ. ಯಾವ ಊರು ಅಂತ ಒಂದು. ಎಷ್ಟು ವರ್ಷದ ಹಿಂದೆ ಅಂತ ಇನ್ನೊಂದು. ಈಗ, ನೀನು ಅವಳನ್ನು ನೋಡಿದ್ದೆಯಾ ಅಂತ ಮೂರನೆಯದು. ನಾನೇನು ಅಗಸಿಬಾಗಿಲ ಕಲ್ಲಿನಷ್ಟು ಹಳಬಳೇ? ನಾನು ನೋಡಿಲ್ಲ. ನನಗೆ ಹೇಳಿದ ನಮ್ಮಜ್ಜಿ ನೋಡಿಲ್ಲ. ಅವಳಿಗೆ ಹೇಳಿದ ಅವಳಜ್ಜಿಯೂ ನೋಡಿಲ್ಲ. ನಿನ್ನ ತಂಗಿ ಈಗಷ್ಟೇ ಮಲಗಿದ್ದಾಳೆ. ಅವಳು ಏಳುವುದರೊಳಗೆ ಎರಡು ಜಡೆ, ಒಂದು ಕಥೆ ಮುಗಿಯಬೇಕು. ಪಾರವ್ವಾ, ಕತ್ತು ನೆಟ್ಟಗಿಡು, ಕೇಳು.

ಬಹಳ ಕಾಲದ ಹಿಂದೆ, ಎರೆ ಭೂಮಿಯ ಸೀಮೆಯಲ್ಲಿ, ಒಂದು ಊರಿತ್ತಂತೆ. ಆ ಊರಿಗೆ ವರ್ಷಕ್ಕೆ ನಾಲ್ಕು ಸಲ ಬಳೆಗಾರ್ತಿ ಹುಸೇನವ್ವ ಬರುತ್ತಿದ್ದಳಂತೆ. ದಾರಕ್ಕೆ ಪೋಣಿಸಿದ ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಅವಳು ಕೆರೆಯ ದಂಡೆ ಹತ್ತಿದರೆ ಸಾಕು, ಒಲೆ ಮುಂದೆ ಕೂತ ಹೆಂಗಸರಿಗೂ ಗಾಜಿನ ಸದ್ದು ಕೇಳುತ್ತಿತ್ತಂತೆ. ಅವಳ ಕೈ ಅಂಥಿಂಥ ಕೈಯಲ್ಲ. ಕಣ್ಣು ಮುಚ್ಚಿ ಯಾರ ಕೈ ಹಿಡಿದರೂ ಅದು ಯಾರ ಮನೆಯವಳದು, ಬೆಳಿಗ್ಗೆ ಏನು ಕೆಲಸ ಮಾಡಿದಳು, ಎಷ್ಟು ಅತ್ತಳು, ಎಲ್ಲ ಹೇಳುತ್ತಿದ್ದಳಂತೆ. ಗರಡಿ ಪೈಲ್ವಾನನ ಕೈಗೆ ಆರು ವರ್ಷದ ಹುಡುಗಿಯ ಬಳೆ ಏರಿಸಿ ಇಳಿಸಿದಳಂತೆ. ಜೀವಮಾನದಲ್ಲಿ ಯಾರ ಕೈಯಲ್ಲೂ ಒಂದೇ ಒಂದು ಬಳೆ ಒಡೆದವಳಲ್ಲವಂತೆ.

ಆ ಊರಲ್ಲಿ ಗುರುಬಸವ್ವ ಎಂಬ ಗಟ್ಟಿ ಹೆಂಗಸು ಇದ್ದಳು. ಅವಳಿಗೆ ಒಬ್ಬನೇ ಮಗ, ಅಡಿವೆಪ್ಪ. ಅವನ ಹೆಂಡತಿ ಬಾಳವ್ವ. ಅಡಿವೆಪ್ಪ ಹತ್ತಿ ಹೇರಿದ ಬಂಡಿ ಕಟ್ಟಿಕೊಂಡು ಘಟ್ಟ ಇಳಿದು ಬಂದರಿಗೆ ಹೋಗುವವನು. ಹೋದರೆ ಮೂರು ತಿಂಗಳು. ಅವನು ಹೊರಡುವ ಮುಂಚೆ ಗುರುಬಸವ್ವ ಸೊಸೆಗೆ ಹೊಸ ಬಳೆ ಇಡಿಸಿದಳು. ಬಲಗೈಗೆ ಹನ್ನೊಂದು ಹಸಿರು ಬಳೆ. ಎಡಗೈಗೆ ಎಷ್ಟು ಅಂತ ಕೇಳಬೇಡ, ಕಥೆ ಬಲಗೈಯದು.

"ನನ್ನ ಮಗ ಬಂಡಿ ಹೂಡ್ಯಾನ. ಗಟ್ಟಿ ಬಳಿ ನೋಡಿ ಇಡ ಹುಸೇನವ್ವಾ. ಅಂವ ತಿರಗಿ ಬರೂತನಕ ಒಂದೂ ಒಡೀಬಾರದು."

ಗಂಡ ದಾರಿಯಲ್ಲಿರುವಾಗ ಹೆಂಡತಿಯ ಬಳೆ ಒಡೆದರೆ ಅವನ ಜೀವಕ್ಕೆ ಕೇಡು ಎಂದು ಆಗಿನವರು ನಂಬಿದ್ದರು. ಈಗಿನವರೂ ನಂಬುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಅಡಿವೆಪ್ಪ ಹೋಗಿ ಹದಿನೈದು ದಿನ ಆಗಿರಲಿಲ್ಲ, ಬಾಳವ್ವನ ಬಲ ಕಂಕುಳಲ್ಲಿ ಗಂಟು ಎದ್ದಿತು. ಬರೆ ಹಾಕುವವನನ್ನು ಕರೆಸಿದರು. ಅವನು ಕುಡಗೋಲನ್ನು ಕೆಂಪಗೆ ಕಾಯಿಸಿ ಗಂಟಿನ ಮೇಲೆ ಮೂರು ಗೆರೆ ಎಳೆದ. ಗಂಟು ಹೋಯಿತು, ಗಾಯ ಮಾಯಿತು, ಅವನು ಅಕ್ಕಿ ಬೆಲ್ಲ ಕಟ್ಟಿಸಿಕೊಂಡು ಹೋದ. ಆಮೇಲೆ ಕೈ ಊದತೊಡಗಿತು. ಮೊದಲು ತೋಳು, ಆಮೇಲೆ ಮೊಣಕೈ, ಆಮೇಲೆ ಬೆರಳು. ಹಗ್ಗ ಬಿಗಿದ ಹತ್ತಿ ಅಂಡಿಗೆಯ ಹಾಗೆ ಕೈ ಉಬ್ಬಿತು, ಹನ್ನೊಂದು ಬಳೆಗಳು ಮಾಂಸದೊಳಗೆ ಹೂತುಹೋದವು. ಬೆರಳ ತುದಿಗಳು ನೀಲಿಗಟ್ಟಿದವು.

ಬೇವು ಅರೆದು ಹಚ್ಚಿದರು. ಇಳಿಯಲಿಲ್ಲ. ಗರಡಿ ಮನೆಯ ಉಸ್ತಾದನನ್ನು ಕರೆತಂದರು. ಅವನು ಎಣ್ಣೆ ಹಚ್ಚಿ, ಮೊಣಕಾಲು ಊರಿ, ರೊಟ್ಟಿ ಹಿಟ್ಟು ನಾದಿದಂತೆ ನಾದಿದ. ಮರುದಿನ ಕೈ ಒಂದೂವರೆಯಷ್ಟಾಯಿತು. ಬಳೆ ಒಡೆಯಿರಿ, ಇಲ್ಲದಿದ್ದರೆ ಕೈ ಕೊಳೆಯುತ್ತದೆ ಎಂದು ನಾಲ್ಕು ಜನ ಹೇಳಿದರು. ಗುರುಬಸವ್ವ ಬಾಗಿಲಿಗೆ ಅಡ್ಡ ಕೂತಳು.

"ನನ್ನ ಮಗ ದಾರ್ಯಾಗ ಅದಾನ. ಬಳಿಗೆ ಕೈ ಹಚ್ಚಿದವರ ಕೈ ಮುರೀತೀನಿ."

ಬಾಳವ್ವನನ್ನು ಯಾರೂ ಕೇಳಲಿಲ್ಲವಂತೆ. ಕೇಳಿದ್ದರೆ ಅವಳೂ ಬೇಡ ಅನ್ನುತ್ತಿದ್ದಳೋ ಏನೋ.

ಕಡೆಗೆ ಆಳು ಕಳಿಸಿ ಹುಸೇನವ್ವನನ್ನು ಕರೆಸಿದರು. ಗುರುಬಸವ್ವ ನೀರು ಕೂಡ ಕೊಡದೆ ಮಾತು ಶುರುಮಾಡಿದಳು. "ಇಟ್ಟಾಕಿ ನೀನು, ತಗಿಯಾಕಿನೂ ನೀನು. ಒಂದ ಬಳಿ ಒಡದ್ರ ಈ ಊರಾಗ ಯಾರ ಹೊಸ್ತಿಲಾನೂ ತುಳಿಸಿಕೊಡಂಗಿಲ್ಲ."

"ಇಡಾಕ ನನ್ನ ಮಾತು ನಡೀತೈತಿ ಯಕ್ಕಾ. ತಗಿಯಾಕ ಕೈಯ ಮಾತು. ತಡಿ, ಕೈಯನ್ನ ಕೇಳತೀನಿ," ಅಂದಳಂತೆ ಹುಸೇನವ್ವ.

ಮುಟ್ಟಿ ನೋಡಿದಳು. ಕೈ ಕೆಂಪಗೆ ಕೆಂಡದಂತೆ ಸುಡುತ್ತಿತ್ತು. ಬಾಳವ್ವನಿಗೆ ಮೈತುಂಬ ಜ್ವರ. ಉರಿ ಇರುವಾಗ ಈ ಕೈಯನ್ನು ಸವರುವಂತಿಲ್ಲ, ಮೊದಲು ಉರಿ ಇಳಿಯಲಿ ಎಂದು ಹೇಳಿದಳು. ಊರ ವೈದ್ಯರಿಂದ ಕಷಾಯ ತರಿಸಿ ಕುಡಿಸಿದರು. ಕೈಯನ್ನು ಮೂರು ತಲೆದಿಂಬಿನ ಮೇಲೆ ಎತ್ತರಕ್ಕಿಟ್ಟು ಹುಸೇನವ್ವ ಸುಮ್ಮನೆ ಕೂತಳು. ಒಂದು ದಿನ ಆಯಿತು, ಎರಡು ದಿನ ಆಯಿತು, ಮೂರು ದಿನ ಆಯಿತು.

"ಕೈ ನೋಡಾಕ ಬಂದೀಯೋ, ನಮ್ಮ ರೊಟ್ಟಿ ತಿನ್ನಾಕ ಬಂದೀಯೋ?" ಎಂದು ಗುರುಬಸವ್ವ ಚುಚ್ಚಿದಳು.

"ಎರಡಕ್ಕೂ ಬಂದೀನಿ. ಇನ್ನೊಂದ ರೊಟ್ಟಿ ಹಾಕು."

ನಾಲ್ಕನೇ ದಿನ ಜ್ವರ ಬಿಟ್ಟಿತು. ಹುಸೇನವ್ವ ಕೈ ತೊಳೆದು ಬಂದು ಬಾಳವ್ವನ ಪಕ್ಕ ಕೂತಳು. ಎಣ್ಣೆ ಇಲ್ಲ, ಲೇಪ ಇಲ್ಲ. ದೀರ್ಘವಾಗಿ ಉಸಿರು ಎಳೆದು ಬಿಡು ಎಂದಳು. ಆಮೇಲೆ ಕತ್ತಿನ ಬುಡದ ಎರಡು ಗುಣಿಗಳಲ್ಲಿ ಬೆರಳಿಟ್ಟು ಮೆಲ್ಲಗೆ, ಮೆಲ್ಲಗೆ...

"ಯವ್ವಾ, ಊದಿದ್ದು ಕೈ. ಕುತಿಗಿ ಯಾಕ ಸವರಿದ್ಲು?"

ನೋಡು, ತಡೆಯಲಿಲ್ಲ ನಿನಗೆ. ಊರವರೂ ಅದನ್ನೇ ಕೇಳಿದರು, ಅದಕ್ಕೇ ಈ ಸಲ ನಿನ್ನನ್ನು ಬೈಯದೆ ಬಿಟ್ಟೆ. ಕತ್ತು ಮುಗಿಸಿ ಅವಳು ಎಲ್ಲಿಗೆ ಹೋದಳು ಹೇಳು? ಊದಿದ ಬಲಗೈಗಲ್ಲ. ಏನೂ ಆಗದ ಎಡ ಕಂಕುಳಿಗೆ! ಕಿಟಕಿಯಲ್ಲಿ ಇಣುಕುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರಂತೆ. ಬಳೆಗಾರ್ತಿಗೆ ಎಡ ಬಲ ಗೊತ್ತಿಲ್ಲ ಅಂದರಂತೆ. ಎಡ ಕಂಕುಳಾದ ಮೇಲೆ ಎದೆಯ ಮೇಲ್ಭಾಗ, ಬಲದಿಂದ ಎಡಕ್ಕೆ. ಬೆನ್ನಿನ ಮೇಲೂ ಬಲದಿಂದ ಎಡಕ್ಕೆ. ಆಮೇಲೆ ಬಲ ಹೆಗಲು. ಆಮೇಲೆ ತೋಳು, ಅದೂ ಕೆಳಗಿನಿಂದ ಮೇಲಕ್ಕೆ. ಬಳೆ ಇದ್ದ ಮುಂಗೈ ಕಟ್ಟಕಡೆಗೆ. ಹಾಲಿನ ಕೆನೆಯನ್ನು ಹರಿಯದಂತೆ ಬೆರಳಿಂದ ಒಂದು ಕಡೆ ಸರಿಸುತ್ತೇವಲ್ಲ, ಅಷ್ಟೇ ಭಾರ. ಚರ್ಮ ಅಷ್ಟು ಸರಿಯಬೇಕು, ಮಾಂಸಕ್ಕೆ ಗೊತ್ತೇ ಆಗಬಾರದು.

"ಬೆಕ್ಕು ಸವರಿದಂಗ ಸವರತಿ. ಇಷ್ಟಕ್ಕ ಬಾವು ಇಳದ್ರ ನಾನೂ ಮಲಾರ ಹೊರತೀನಿ," ಅಂದಳು ಗುರುಬಸವ್ವ.

ಆಗ ಹುಸೇನವ್ವ ಸೊಸೆಯ ಬಲಗೈಯನ್ನು ಎತ್ತಿ ಕಂಕುಳಿನ ಮೂರು ಬರೆಗಳನ್ನು ತೋರಿಸಿದಳಂತೆ. "ಕೈಯಾಗಿನ ನೀರು ಹೊರಗ ಹೋಗೂ ಬಾಗಿಲಾ ಇದು. ಇದನ್ನ ನೀವ ಸುಟ್ಟೀರಿ. ಸುಟ್ಟ ಬಾಗಿಲಿಗೆ ಎಷ್ಟ ಗುದ್ದಿದ್ರೇನು? ಆ ಕಡೆ ಬಾಗಿಲಾ ತಗದು, ನೀರಿಗೆ ದಾರಿ ತೋರಸಾಕತ್ತೀನಿ."

ಗುರುಬಸವ್ವ ಆ ಬರೆಗಳನ್ನು ಅಲ್ಲಿಯವರೆಗೆ ಹತ್ತಿರದಿಂದ ನೋಡಿರಲಿಲ್ಲವಂತೆ.

ಇದೆಲ್ಲ ಅವಳಿಗೆ ಹೇಗೆ ಗೊತ್ತಾಯಿತು ಅನ್ನುತ್ತೀಯಾ? ಒಂದೊಂದು ಊರಲ್ಲಿ ಒಂದೊಂದು ಮಾತು. ಒಬ್ಬ ಫಕೀರ ಹೇಳಿಕೊಟ್ಟ ಅನ್ನುತ್ತಾರೆ. ಅವಳ ಅಕ್ಕನಿಗೂ ಹೀಗೇ ಆಗಿತ್ತು, ಉಳಿಸಿಕೊಳ್ಳಲು ಆಗಲಿಲ್ಲ, ಆ ಸಂಕಟದಲ್ಲಿ ಕಲಿತಳು ಅನ್ನುತ್ತಾರೆ. ನಮ್ಮಜ್ಜಿ ಹೇಳುತ್ತಿದ್ದುದೇ ಬೇರೆ. ಬಳೆ ಇಡುವಾಗ ಅಳುವ ಮಕ್ಕಳ ಕತ್ತು ಸವರಿ ಸಮಾಧಾನ ಮಾಡುತ್ತಿದ್ದಳಂತೆ. ಸಾವಿರ ಕತ್ತು ಸವರಿ, ಸಾವಿರ ಕೈ ಹಿಡಿದ ಮೇಲೆ, ಮೇಲೆ ಏನು ಮಾಡಿದರೆ ಕೆಳಗೆ ಏನಾಗುತ್ತದೆ ಅಂತ ಬೆರಳಿಗೇ ತಿಳಿಯಿತಂತೆ. ನನಗೆ ಈ ಮಾತೇ ನಿಜ ಅನ್ನಿಸುತ್ತದೆ. ಫಕೀರರಿಗೆ ಬಾಳವ್ವನಂಥವರ ಕೈ ಹಿಡಿಯುವ ಕೆಲಸ ಎಲ್ಲಿರುತ್ತಿತ್ತು?

ದಿನಕ್ಕೆ ಎರಡು ಸಲ ಸವರಿದಳು. ಸವರಿದ ಮೇಲೆ ಹಳೇ ಸೀರೆಯ ಮೆತ್ತನೆ ಪಟ್ಟಿಯನ್ನು ಬಳೆಯಿಂದ ಮೇಲಕ್ಕೆ, ಕೆಳಗೆ ತುಸು ಬಿಗಿ, ಮೇಲೆ ಸಡಿಲ ಮಾಡಿ ಸುತ್ತಿದಳು. ಮುಷ್ಟಿ ಕಟ್ಟು, ಬಿಡು, ಕಟ್ಟು, ಬಿಡು ಎಂದು ಬಾಳವ್ವನಿಂದ ಮಾಡಿಸಿದಳು. ಎರಡನೇ ದಿನ ಬಾಳವ್ವ ರಾತ್ರಿಗೆ ನಾಲ್ಕು ಸಲ ಎದ್ದು ಮೂತ್ರಕ್ಕೆ ಹೋದಳಂತೆ. ನಗಬೇಡ, ನೀರು ಎಲ್ಲಿಂದಾದರೂ ಹೋಗಬೇಕಲ್ಲ. ಐದನೇ ದಿನ ತೋಳಿನ ಚರ್ಮದಲ್ಲಿ ಸುಕ್ಕು ಬಿತ್ತು. ಏಳನೇ ದಿನ ಹೂತುಹೋಗಿದ್ದ ಬಳೆಗಳ ಹಸಿರು ಅಂಚು ಕಂಡಿತು. ಆದರೆ ಎಲ್ಲಕ್ಕಿಂತ ಕೆಳಗಿನ ಬಳೆ ಮಾತ್ರ ಮಾಂಸ ಕಚ್ಚಿಕೊಂಡೇ ಇತ್ತು. ಅದರ ಸುತ್ತ ಚರ್ಮ ಕಪ್ಪಾಗುತ್ತಿತ್ತು. ಗುರುಬಸವ್ವ ಹಗಲೆಲ್ಲ ಅಲ್ಲೇ ಕಾವಲು. ಗಾಜು ಕಿಣಿ ಎಂದರೆ ಕಣ್ಣು ಅಲ್ಲಿಗೆ.

ಒಂಬತ್ತನೇ ದಿನ ಬೆಳಿಗ್ಗೆ ಹುಸೇನವ್ವ ಆ ಬಳೆಯನ್ನೇ ಬಹಳ ಹೊತ್ತು ನೋಡಿದಳಂತೆ. ಆಮೇಲೆ, "ಯಕ್ಕಾ, ಕೈ ತೊಳಿಯಾಕ ಒಂದ ಹಿಡಿ ಕಡ್ಲಿಹಿಟ್ಟ ಬೇಕು," ಅಂದಳು. ಗುರುಬಸವ್ವ ಒಳಗೆ ಹೋದಳು. ಡಬ್ಬಿಯಲ್ಲಿ ಹಿಟ್ಟಿರಲಿಲ್ಲ, ಬೀಸುವ ಕಲ್ಲಿಗೆ ಕಡಲೆ ಹಾಕಿ ಬೀಸಿದಳು. ಬೀಸುವ ಕಲ್ಲಿನ ಸದ್ದು ಮನೆ ತುಂಬಿತು. ಹಿಟ್ಟು ಹಿಡಿದು ಹೊರಗೆ ಬಂದರೆ, ಬಳೆಗಳು ಮೊರದಲ್ಲಿದ್ದವು.

ಗುರುಬಸವ್ವ ಮೊರದ ಮುಂದೆ ಕೂತು ಬಳೆ ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. ಹುಸೇನವ್ವನ ಮುಖ ನೋಡಿದಳು. ಬಾಳವ್ವ ತಿಂಗಳಾದ ಮೇಲೆ ಮೊದಲ ಸಲ ಐದೂ ಬೆರಳು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ನೋಡಿಕೊಳ್ಳುತ್ತಿದ್ದಳು. ಗುರುಬಸವ್ವ ಅದನ್ನೂ ನೋಡಿದಳು.

"ಎಲ್ಲಾ ಅದಾವ," ಅಂದಳು. ಬಳೆಗಳನ್ನು ಉಡಿಯಲ್ಲಿ ಹಾಕಿಕೊಂಡು ಎದ್ದಳು.

ಹುಸೇನವ್ವ ಹೊರಡುವ ಮುಂಚೆ ತಾನು ಕೂತಿದ್ದ ಜಾಗವನ್ನು ತಾನೇ ಸೆರಗಿನಿಂದ ಚೆನ್ನಾಗಿ ಒರೆಸಿಕೊಂಡು ಹೋದಳಂತೆ. ಅಷ್ಟು ಶುಚಿಯ ಹೆಂಗಸು ಅಂತ ನಮ್ಮಜ್ಜಿ ಹೊಗಳುತ್ತಿದ್ದಳು.

ಮಳೆಗೆ ಮುಂಚೆ ಅಡಿವೆಪ್ಪ ಬಂದ. ಬಿಸಿಲಿಗೆ ಕರ್ರಗಾಗಿದ್ದ, ಅದೊಂದು ಬಿಟ್ಟರೆ ಗಟ್ಟಿಮುಟ್ಟಾಗಿದ್ದ. ಬಾಳವ್ವನ ಕೈ ಪೂರ್ತಿ ಮೊದಲಿನಂತೆ ಆಯಿತೇ ಅಂದರೆ, ಇಲ್ಲ. ಆಗುವುದೂ ಇಲ್ಲ ಎಂದು ಹುಸೇನವ್ವ ಮುಂಚೆಯೇ ಹೇಳಿದ್ದಳು. ದಿನಾ ಮುಖ ತೊಳೆದಂತೆ ದಿನಾ ಸವರಿಕೊಳ್ಳಬೇಕು, ಮುಳ್ಳು ತರಚು ತಾಗದಂತೆ ನೋಡಿಕೊಳ್ಳಬೇಕು, ಬಿಟ್ಟರೆ ಬಾವು ತಿರುಗಿ ಬರುತ್ತದೆ ಎಂದು ಕಲಿಸಿ ಹೋಗಿದ್ದಳು. ಬಾಳವ್ವ ಮುದುಕಿಯಾಗುವವರೆಗೂ ಬಿಡಲಿಲ್ಲವಂತೆ. ಗುರುಬಸವ್ವನಿಗೆ ವಯಸ್ಸಾಗಿ ಕೈ ನಡುಗುವವರೆಗೆ, ಸೊಸೆಯ ಬೆನ್ನ ಮೇಲೆ ಸವರುತ್ತಿದ್ದವಳು ಅವಳೇ ಅಂತೆ.

ಈಗಲೂ ಆ ಸೀಮೆಯಲ್ಲಿ ಕೈಯೋ ಕಾಲೋ ಊದಿದವರು ಬೆಳಿಗ್ಗೆ ಹಾಸಿಗೆಯಲ್ಲೇ ಕೂತು ಮೊದಲು ಕತ್ತು ಸವರಿಕೊಳ್ಳುತ್ತಾರೆ. ಯಾಕೆ ಅಂದರೆ, ಹುಸೇನವ್ವ ಹಾಗೆ ಮಾಡುತ್ತಿದ್ದಳು ಅನ್ನುತ್ತಾರೆ. ಬಳೆಗಾರ್ತಿಯರು ಬಳೆ ಇಟ್ಟು ಏಳುವಾಗ ಕೂತ ಜಾಗವನ್ನು ಸೆರಗಿನಿಂದ ಒರೆಸಿಯೇ ಏಳುತ್ತಾರೆ. ಅದಕ್ಕೂ ಅದೇ ಉತ್ತರ. ಗುರುಬಸವ್ವನ ಮನೆತನದವರ ಗೋಡೆಗೂಡಿನಲ್ಲಿ ಆ ಹಸಿರು ಬಳೆಗಳು ಇವತ್ತಿಗೂ ಇವೆಯಂತೆ. ಹೊಸ ಸೊಸೆ ಬಂದ ದಿನ ಅವನ್ನು ಮೊರದಲ್ಲಿಟ್ಟು ಅವಳ ಮುಂದೆ ಎಣಿಸುತ್ತಾರೆ. ಒಂದು, ಎರಡು ಅಂತ ಹತ್ತೂ ಎಣಿಸಿ, "ಎಲ್ಲಾ ಅದಾವ" ಅಂತ ಅತ್ತೆಯೇ ಹೇಳಬೇಕು. ಆಮೇಲೆಯೇ ಸೊಸೆ ಒಳಗೆ ಬರುವುದು.

ಮುಗಿಯಿತು. ಜಡೆಯೂ ಮುಗಿಯಿತು. ರಿಬ್ಬನ್ ಕೊಡು.

ಯಾಕೆ ಬೆರಳು ಮಡಚುತ್ತಿದ್ದೀಯಾ?

"ಯವ್ವಾ, ಹುಸೇನವ್ವ ಇಟ್ಟಿದ್ದು ಹನ್ನೊಂದು ಅಂದಿ."

ಹೌದು, ಹನ್ನೊಂದು.

"ಗೂಡಿನಾಗ ಹತ್ತು ಅದಾವ ಅಂದಿ."

ನಮ್ಮಜ್ಜಿ ಹಾಗೇ ಹೇಳಿದ್ದು. ನಾನು ನೂರು ಸಲ ಕೇಳಿದ್ದೇನೆ, ಐವತ್ತು ಸಲ ಹೇಳಿದ್ದೇನೆ. ಒಂದು ಸಲವೂ ಬೆರಳು ಮಡಚಿರಲಿಲ್ಲ. ರಿಬ್ಬನ್ ನನ್ನ ಕೈಯಲ್ಲೇ ಉಳಿಯಿತು. ಪಾರವ್ವ ನನ್ನ ಕೈಯಿಂದ ಜಡೆ ಬಿಡಿಸಿಕೊಂಡು ನನ್ನ ಕಡೆ ಪೂರ್ತಿ ತಿರುಗಿ ಕೂತಳು.

"ಅತ್ತಿ ಎರಡ ಸಲ ಎಣಿಸಿದ್ಲಲ್ಲಾ. ಎಣಿಸಿ, ಎಲ್ಲಾ ಅದಾವ ಅಂತ ಯಾಕ ಅಂದ್ಲು?"