ತೆಳ್ಳಗೆ ತೋರಿಸುವ ಕನ್ನಡಿ

“ಮತ್ತೆ ಕರೆದ್ರಾ? ಅಂಟು ಒಣಗೋದಕ್ಕಾದ್ರೂ ಬಿಡಿ, ಗೌಡ್ರೇ!” ಹೊಸ ಜಿಮ್ಮಿನ ಗೋಡೆಗೆ ಕನ್ನಡಿ ಕೂರಿಸುತ್ತಿದ್ದ ಸಾವಂತ್ರಿ ಸಿಡುಕಿದಳು.

ಮಾಲೀಕ ಉಗ್ರೇಗೌಡರು ಗತ್ತಿನಿಂದ ಅಪ್ಪಣೆ ಮಾಡಿದರು. “ಇವನ್ನೆಲ್ಲ ಕಿತ್ತುಹಾಕು. ನಿಂತೋರೆಲ್ಲ ತೆಳ್ಳಗೆ ಕಾಣೋ ಕನ್ನಡಿ ಹಾಕು.”

ಕಿತ್ತರೆ ಕನ್ನಡಿಯೂ ಚೂರು, ಮೂರು ದಿನದ ದುಡಿಮೆಯೂ ಚೂರು. ಸಾವಂತ್ರಿ ವಿನಯದಿಂದ ತಲೆಯಾಡಿಸಿದಳು.

“ಹಾಕ್ತೀನಿ. ಆದ್ರೆ ಬಂದ ದಿನವೇ ತೆಳ್ಳಗೆ ಕಂಡೋರು ಮಾರನೇ ದಿನ ಯಾಕೆ ಬರ್ತಾರೆ?”

ಗೌಡರು ಗಲ್ಲ ಕೆರೆದುಕೊಂಡರು. “ಹಂಗಿದ್ರೆ ದಪ್ಪ ತೋರಿಸೋದೇ ಹಾಕು!”

“ಆರು ತಿಂಗಳು ಬೆವರು ಸುರಿಸಿದ್ರೂ ದಪ್ಪಗೇ ಕಂಡ್ರೆ, ಎಲ್ಲರೂ ನಿಮ್ಮನ್ನ ಹುಡುಕ್ಕೊಂಡು ಮನೆಗೇ ಬರ್ತಾರೆ.”

ಗೌಡರು ಬೆಚ್ಚಿದರು. “ಬೇಡ, ಇವೇ ಇರ್ಲಿ. ಇದ್ದದ್ದು ಇದ್ದ ಹಾಗೇ ತೋರಿಸ್ತವೆ ತಾನೆ?”

“ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.”

ಗೌಡರು ಕನ್ನಡಿಯ ಮುಂದೆ ಓರೆಯಾಗಿ ನಿಂತು, ಬಿಗಿಹಿಡಿದ ಉಸಿರು ಬಿಟ್ಟರು. ಆಮೇಲೆ ಸಾವಂತ್ರಿಯ ಕಡೆ ತಿರುಗಿ ಕೇಳಿದರು:

“ಹಂಗಾದ್ರೆ ಈ ಹೊಟ್ಟೆ ಯಾರದಮ್ಮ?”